ದೊಡ್ಡವ್ವ ಕೆಳಗಿಳಿದ ಪುಟ

ಸೋಮವಾರ ಬೆಳಿಗ್ಗೆ ನಮ್ಮ ದೊಡ್ಡವ್ವ ಹಿತ್ತಲಿನಲ್ಲಿ ಮೂರು ಕಲ್ಲು ಹೂಡಿ ಬೇರೆ ಒಲೆ ಹಚ್ಚಿದಳು. ಅದಕ್ಕೆ ಕಾರಣ ನಾನು ಮಾಡಿದ ವೆಬ್‌ಪೇಜು.

ಹೊಳಲ್ಕೆರೆಯಂಥ ಊರಿನಲ್ಲಿ ಒಲೆ ಬೇರೆಯಾಗುವುದು ಎಂದರೇನು ಅಂತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹೊಲ ಪಾಲಾಗುವುದಕ್ಕೂ, ಮನೆ ನಡುವೆ ಗೋಡೆ ಏಳುವುದಕ್ಕೂ ಮುಂಚೆ ಒಲೆ ಬೇರೆಯಾಗುತ್ತದೆ. ಒಂದು ವಾರ ಎರಡು ಕಡೆ ಹೊಗೆ ಎದ್ದರೆ ಮುಗಿಯಿತು, ಊರೇ ಅದನ್ನು ಖಾಯಂ ಮಾಡಿಬಿಡುತ್ತದೆ. ಅಪ್ಪ, ದೊಡ್ಡಪ್ಪ ಇಬ್ಬರೂ ಹಿತ್ತಲಿನ ಹೊಗೆಯನ್ನು ನೋಡಿಯೂ ನೋಡದವರಂತೆ ಶೇಂಗಾ ಹೊಲಕ್ಕೆ ಹೊರಟರು. ಇಂಥ ಹೊತ್ತಿನಲ್ಲಿ ನಮ್ಮ ಮನೆಯ ಗಂಡಸರಿಗೆ ಹೊಲದ ನೆನಪು ಬಹಳ.

ನನಗೆ ಮೈಯೆಲ್ಲ ಉರಿಯಿತು. ಮೊದಲು ದೊಡ್ಡವ್ವನ ಮೇಲೆ ಸಿಟ್ಟು, ಆಮೇಲೆ ಲೋಕದ ಫೋನುಗಳ ಮೇಲೆಲ್ಲ ಸಿಟ್ಟು. ಯಾಕೆಂದರೆ ನಾನು ಹೇಳಿಕೇಳಿ ವೆಬ್‌ಪೇಜಿನ ವಿದ್ಯೆಯನ್ನೇ ಕಲಿಸಿ ಹೊಟ್ಟೆ ಹೊರೆಯುವವಳು. ಚಿತ್ರದುರ್ಗದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ವೆಬ್‌ಪೇಜಿಗೆ ಬಟ್ಟೆ ತೊಡಿಸುವುದನ್ನು ಹೇಳಿಕೊಡುತ್ತೇನೆ. ಯಾವ ಅಕ್ಷರಕ್ಕೆ ಯಾವ ಬಣ್ಣ, ಯಾವುದರ ಸುತ್ತ ಎಷ್ಟು ಜಾಗ, ಯಾರು ಎಲ್ಲಿ ಕೂರಬೇಕು ಅನ್ನುವುದೆಲ್ಲ ನನ್ನ ದಿನದ ಪಾಠ. ಊರಿಗೆಲ್ಲ ಪಾಠ ಹೇಳಿ ಮನೆಯಲ್ಲಿ ಮಣ್ಣು ಮುಕ್ಕಿದ್ದೆ.

ನಮ್ಮ ಅವ್ವ ತಿಪ್ಪಮ್ಮ, ದೊಡ್ಡವ್ವ ಮರುಳಸಿದ್ದಮ್ಮ, ಇಬ್ಬರೂ ವಾರಗಿತ್ತಿಯರು. ಇಬ್ಬರೂ ಸೇರಿ ಕಡಕ್ ರೊಟ್ಟಿ, ಚಟ್ನಿಪುಡಿ ಮಾಡುತ್ತಾರೆ. ರೊಟ್ಟಿ ಅವ್ವನ ಕೈಯದು, ಶೇಂಗಾಪುಡಿ ಗುರೆಳ್ಳುಪುಡಿ ದೊಡ್ಡವ್ವನ ಕೈಯವು. ಬುಟ್ಟಿ ಹೊತ್ತು ಸಂತೆ ಸಂತೆ ತಿರುಗಿ ಈ ವ್ಯಾಪಾರ ಹಚ್ಚಿದವಳು ಅವ್ವ. ಅವಳು ಸಂತೆಗೆ ಹೋದ ದಿನಗಳಲ್ಲಿ ನನಗೆ ಜಡೆ ಹಾಕಿ ಸ್ಕೂಲಿಗೆ ಕಳಿಸಿದವಳು, ಜ್ವರ ಬಂದರೆ ಮಗ್ಗುಲಲ್ಲಿ ಮಲಗಿಸಿಕೊಂಡವಳು ದೊಡ್ಡವ್ವ. ಈಗ ಅವಳ ಮಗ ಶರಣಣ್ಣ ಬೈಕಿನ ಹಿಂದೆ ಡಬ್ಬ ಕಟ್ಟಿಕೊಂಡು ಹೊಸದುರ್ಗ, ಹಿರಿಯೂರಿನ ಅಂಗಡಿಗಳಿಗೆಲ್ಲ ಮಾಲು ಹಾಕಿ ಬರುತ್ತಾನೆ. ಪ್ಯಾಕೆಟ್ಟಿನ ಮೇಲೆ ಇಬ್ಬರ ಮುಖವೂ ದುಂಡಗೆ, ಒಂದೇ ಅಳತೆಯಲ್ಲಿ, ಪಕ್ಕಪಕ್ಕದಲ್ಲಿವೆ.

ಆ ಪಕ್ಕಪಕ್ಕ ಅನ್ನುವುದು ಸುಮ್ಮನೆ ಬಂದದ್ದಲ್ಲ. ನಮ್ಮ ಕಡೆ ಫ್ಲೆಕ್ಸ್ ಬ್ಯಾನರ್ ಓದುವುದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ, ಹುಟ್ಟುತ್ತಲೇ ಬರುತ್ತದೆ. ಮೇಲೆ ಇರುವ ಮುಖ ಹಿರಿಯರದು. ಪಕ್ಕದಲ್ಲಿರುವುದು ಸರಿಸಮ. ಕೆಳಗೆ ಸಾಲಾಗಿ ಇರುವ ಚಿಕ್ಕಚಿಕ್ಕ ಮುಖಗಳು ಕುರ್ಚಿ ಹಾಕಿ ಶಾಮಿಯಾನ ಕಟ್ಟಿದ ಹುಡುಗರವು. ಒಬ್ಬನ ಮುಖ ಒಂದು ಗೇಣು ಕೆಳಗೆ ಬಂದಿದ್ದಕ್ಕೆ ಬಸ್‌ಸ್ಟ್ಯಾಂಡಿನಲ್ಲಿ ಫ್ಲೆಕ್ಸು ಹರಿದುಹಾಕಿದ್ದನ್ನು ನಾನೇ ಕಂಡಿದ್ದೇನೆ. ವಾರಗಿತ್ತಿಯರಿಬ್ಬರೂ ಪ್ರಿಂಟಿಂಗ್ ಅಂಗಡಿಯ ಬೆಂಚಿನ ಮೇಲೆ ಅರ್ಧ ದಿನ ಕೂತು, ಹಿರಿಯಳು ಮೇಲೋ ಶುರು ಮಾಡಿದವಳು ಮೇಲೋ ಎಂದು ಮುಖ ಊದಿಸಿಕೊಂಡು, ಕೊನೆಗೆ ಪಕ್ಕಪಕ್ಕಕ್ಕೆ ಒಪ್ಪಿದ್ದರು.

ನಾನು ಪೇಜು ಮಾಡಿದ್ದು ಲ್ಯಾಪ್‌ಟಾಪಿನಲ್ಲಿ. ಅಲ್ಲಿ ಇಬ್ಬರೂ ಪ್ಯಾಕೆಟ್ಟಿನ ಮೇಲಿದ್ದ ಹಾಗೆಯೇ ಪಕ್ಕಪಕ್ಕ ನಗುತ್ತ ಕೂತಿದ್ದರು. ಭಾನುವಾರ ಶರಣಣ್ಣ ಅದರ ಲಿಂಕನ್ನು ನೆಂಟರ ವಾಟ್ಸಾಪ್ ಗುಂಪಿಗೆ ಎಸೆದ. ನೆಂಟರು ನೋಡಿದ್ದು ಫೋನಿನಲ್ಲಿ. ಫೋನಿನ ಅಗಲಕ್ಕೆ ಇಬ್ಬರೂ ಹಿಡಿಸದೆ, ಎರಡನೆಯ ಮುಖ ತಾನಾಗಿ ಕೆಳಗಿನ ಸಾಲಿಗೆ ಇಳಿಯಿತು. ಜಾಗ ಸಾಲದಿದ್ದರೆ ಹೀಗೆ ಇಳಿದುಬಿಡು ಎಂದು ಒಂದು ಸಾಲು ಬರೆದವಳು ನಾನೇ. ಎಲ್ಲರೂ ಬರೆಯುತ್ತಾರೆ, ಬರೆಯುವಾಗ ನನ್ನ ಕೈ ತಡೆಯಲೂ ಇಲ್ಲ. ಮೇಲೆ ಅವ್ವ, ಕೆಳಗೆ ದೊಡ್ಡವ್ವ.

ಭರಮಸಾಗರದಿಂದ, ಅಂದರೆ ದೊಡ್ಡವ್ವನ ತವರಿನಿಂದ, ಅವಳ ತಮ್ಮನ ಹೆಂಡತಿಯ ದನಿ ವಾಟ್ಸಾಪಿನಲ್ಲಿ ಬಂತು. "ಏನ್ ಮರುಳಸಿದ್ದಕ್ಕಾ, ಮೊನ್ನೆ ಗಂಟ ಪಕ್ಕಕ್ಕೆ ಕುಂತಿದ್ದೆ. ಈಗ ಕೆಳಕ್ಕೆ ಇಳ್ಸ್ಯಾರಲ್ಲ!" ಹಿಂದೆ ಇನ್ಯಾರೋ ಕಿಸಕ್ಕನೆ ನಕ್ಕಿದ್ದೂ ಅದರಲ್ಲಿತ್ತು. ಆ ನಗುವಿಗೆ ಸೋಮವಾರ ಹಿತ್ತಲಿನಲ್ಲಿ ಒಲೆಯ ಕಲ್ಲು ಬಿದ್ದವು.

ನಾನು ಹಿತ್ತಲಿಗೆ ಓಡಿದೆ.

"ದೊಡ್ಡವ್ವ, ಕೇಳಿಲ್ಲಿ. ಫೋನಿನ ಅಗಲ ಕಮ್ಮಿ ಐತೆ. ಇಬ್ರೂ ಪಕ್ಕದಲ್ಲಿ ಹಿಡಿಯಲ್ಲ. ಅದಕ್ಕೆ ಒಬ್ರು ಕೆಳಗೆ ಬರ್ತಾರೆ. ಎಲ್ಲಾ ಪೇಜ್‌ನಾಗೂ ಹಿಂಗೇ."

ಅವಳು ಒಲೆ ಊದುತ್ತಲೇ ಹೇಳಿದಳು. "ಜಾಗ ಸಾಲ್ದು ಅಂದ್ಮೇಲೆ ಒಬ್ರು ಎದ್ದು ಕೆಳಗೆ ಕುಂತ್ಕಬೇಕು, ಒಪ್ದೆ. ಯಾರು ಏಳ್ಬೇಕು ಅಂತ ಹೇಳ್ದೋರು ಯಾರು?"

"ಯಾರೂ ಹೇಳಿಲ್ಲ. ಅದು ಫೋನೇ ಮಾಡ್ಕಂತೈತೆ."

"ಫೋನಿಗೆ ನಮ್ಮನೆ ಹಿರೇತನ ಗೊತ್ತೈತೇನು?"

ಬಸ್ಸಿಗೆ ಹೊತ್ತಾಯಿತು ಎಂದು ತಪ್ಪಿಸಿಕೊಂಡೆ.

ಬಸ್ಸು ಗಣಿ ಲಾರಿಗಳ ಹಿಂದೆ ಸಿಕ್ಕಿಕೊಂಡು ತೆವಳುತ್ತಿತ್ತು. ಕೂತಲ್ಲಿ ಕೂರಲಾಗಲಿಲ್ಲ. ತೊಡೆಯ ಮೇಲೆ ಲ್ಯಾಪ್‌ಟಾಪ್ ತೆರೆದೆ, ಮುಚ್ಚಿದೆ, ಮತ್ತೆ ತೆರೆದೆ. ಪಕ್ಕದ ಹೆಂಗಸು, "ಏನವ್ವ, ಸೀಟ್‌ನಾಗೆ ಇರುವೆ ಅವೇನು?" ಎಂದಳು.

ಅವತ್ತು ತರಗತಿಯಲ್ಲಿ ಇತಿಹಾಸದ ಪಾಠವಿತ್ತು. ಮೊದಮೊದಲು ವೆಬ್‌ಪೇಜಿಗೆ ಬಟ್ಟೆಯೇ ಇರಲಿಲ್ಲ, ಬರಹ ಬರಿಮೈಯಲ್ಲಿ ಬರುತ್ತಿತ್ತು ಎಂದು ಶುರು ಮಾಡಿದೆ. ಆಮೇಲೆ ಜನಕ್ಕೆ ಶೋಕಿ ಹತ್ತಿತು. ಒಂದೊಂದು ಸಾಲಿಗೂ ಇದು ಕೆಂಪು, ಇದು ದೊಡ್ಡದು ಎಂದು ಬರಹದ ಒಳಗೇ ಬಣ್ಣ ಕಲೆಸಿದರು. ಯಾರು ಎಲ್ಲಿರಬೇಕೆಂದು ಹೇಳುವ ದಾರಿ ಕಾಣದೆ, ಲೆಕ್ಕ ತೋರಿಸಲೆಂದು ಇದ್ದ ಟೇಬಲ್ಲಿನ ಮನೆಗಳಲ್ಲಿ ಚಿತ್ರಗಳನ್ನು ತುರುಕಿದರು. ಕೆಂಪನ್ನು ಹಸಿರು ಮಾಡಬೇಕಾದರೆ ನೂರು ಪುಟ ತಿದ್ದಬೇಕಾಗಿತ್ತು. ತೊಂಬತ್ತಾರರ ಸುಮಾರಿಗೆ ಎರಡನ್ನೂ ಬೇರೆ ಮಾಡುವ ಪದ್ಧತಿ ಗಟ್ಟಿಯಾಯಿತು. ಏನು ಹೇಳಬೇಕೋ ಅದು ಒಂದು ಹಾಳೆಯಲ್ಲಿ, ಅದು ಹೇಗೆ ಕಾಣಬೇಕೋ ಅದು ಇನ್ನೊಂದು ಹಾಳೆಯಲ್ಲಿ. ಆ ಎರಡನೆಯ ಹಾಳೆಯ ಹೆಸರೇ ಸಿಎಸ್‌ಎಸ್. ಕೈಗೆ ಫೋನು ಬಂದ ಮೇಲೆ, ಅಗಲ ಇಷ್ಟಿದ್ದರೆ ಹೀಗೆ ಕಾಣು, ಅದಕ್ಕಿಂತ ಕಡಿಮೆಯಿದ್ದರೆ ಹಾಗೆ ಕಾಣು ಎಂದು ಬರೆಯುವುದೂ ಬಂತು. ಅಲ್ಲಿಗೆ ಬಂದಾಗ ನನ್ನ ದನಿ ಕಹಿಯಾಗಿದ್ದು ನನಗೇ ಕೇಳಿಸಿತು.

ಒಂದೇ ಮುಖಕ್ಕೆ ನಾಲ್ಕು ಕಡೆಯಿಂದ ನಾಲ್ಕು ಅಪ್ಪಣೆ ಬಂದರೆ ಯಾವುದು ನಡೆಯುತ್ತದೆ ಅನ್ನುವುದನ್ನೂ ಹೇಳಿದೆ. ಎಲ್ಲರಿಗೂ ಅಂತ ಹೇಳಿದ್ದಕ್ಕಿಂತ ಹೆಸರು ಹಿಡಿದು ಹೇಳಿದ್ದಕ್ಕೆ ತೂಕ ಹೆಚ್ಚು. ತೂಕ ಸಮವಾದರೆ ಕೊನೆಗೆ ಹೇಳಿದ್ದು ಗೆಲ್ಲುತ್ತದೆ. ಅದೂ ಬೇಡವೆಂದರೆ ಸಾಲಿನ ತುದಿಗೆ ಇಂಪಾರ್ಟೆಂಟ್ ಎಂದು ಬರೆದು ಎಲ್ಲರ ಬಾಯಿ ಮುಚ್ಚಿಸಬಹುದು. ಹಾಗೆ ಮಾಡಬೇಡಿ, ಒಬ್ಬರು ಬರೆದರೆ ಇನ್ನೊಬ್ಬರೂ ಬರೆಯುತ್ತಾರೆ, ಆಮೇಲೆ ಪುಟ ಯಾರ ಮಾತೂ ಕೇಳುವುದಿಲ್ಲ ಎಂದೆ.

ಬೋರ್ಡಿನ ಮೇಲೆ ನಾನು ಬರೆದಿದ್ದ ಎರಡು ಮುಖ ನೋಡಿ ಮುಂದಿನ ಬೆಂಚಿನ ಚೈತ್ರಾ ಕೈ ಎತ್ತಿದಳು. "ಮೇಡಂ, ಇಬ್ರನ್ನೂ ಮೊದ್ಲು ಇಡೋ ರೂಲ್ ಇಲ್ವಾ?"

"ಇಲ್ಲ," ಎಂದೆ. ಬೇಕಾಗಿದ್ದಕ್ಕಿಂತ ಗಟ್ಟಿಯಾಗಿಯೇ ಅಂದೆ. ಪಾಪದ ಹುಡುಗಿ ಕೈ ಇಳಿಸಿಕೊಂಡಳು.

ಮಂಗಳವಾರ ನಾನು ಫೋನಿನಲ್ಲೂ ಇಬ್ಬರನ್ನು ಪಕ್ಕಪಕ್ಕದಲ್ಲೇ ಬಿಗಿದು ಕೂರಿಸಿದೆ. ಸುತ್ತಲಿನ ಜಾಗ ಹಿಂಡಿ, ಅಂಚು ತೆಳುವಾಗಿಸಿ, ಮುಖಗಳನ್ನು ಕುಗ್ಗಿಸಿದೆ. ಅವ್ವ ಕನ್ನಡಕ ಏರಿಸಿ, ಇಳಿಸಿ ನೋಡಿ, "ಇದು ನಾನೋ ಗುರೆಳ್ಳು ಕಾಳೋ?" ಎಂದು ಫೋನನ್ನು ಹಿಟ್ಟಿನ ಕೈಯಲ್ಲೇ ವಾಪಸು ಕೊಟ್ಟಳು. ಬುಧವಾರ ಒಬ್ಬರ ಮುಖ ಇನ್ನೊಬ್ಬರದರ ಮೇಲೆ ಅರ್ಧ ಬರುವಂತೆ ಇಟ್ಟೆ. ಹಾಗೆ ಇಟ್ಟಾಗ ಯಾರೋ ಒಬ್ಬರು ಮುಂದೆ, ಇನ್ನೊಬ್ಬರು ಹಿಂದೆ. ಅವ್ವನ ಕೆನ್ನೆಯ ಹಿಂದೆ ದೊಡ್ಡವ್ವನ ಕಿವಿಯೋಲೆ ಮುಚ್ಚಿಹೋಯಿತು. ಆ ಓಲೆ ಅವಳ ತವರಿನವರು ಕೊಟ್ಟದ್ದು. ಸುಮ್ಮನಿರಲಾರದೆ ಶರಣಣ್ಣ ಒಂದು ಉಪಾಯ ಹೇಳಿದ.

"ಲೇ ಸುಚಿ, ವಾರಕ್ಕೊಬ್ರು ಮೇಲೆ ಇರ್ಲಿ ಕಣೆ. ಪಾಳಿ ಹಾಕ್ಬಿಡು."

"ನಿನ್ನ ತಲೆ. ಪಾಳಿ ಬದಲಾದ ದಿನ ಇವ್ರಿಬ್ರೂ ಎದ್ದು ಫೋನ್ ಹಿಡ್ಕಂಡು ಕುಂತ್ಕತಾರೆ."

"ಹಂಗಾದ್ರೆ ಇಬ್ರನ್ನೂ ತೆಗೆದು ನನ್ನ ಫೋಟೋ ಹಾಕು," ಎಂದು ಹಲ್ಲು ಕಿರಿದ.

ಹಿತ್ತಲಿನಲ್ಲಿ ಹೊಗೆ ಏಳುತ್ತಲೇ ಇತ್ತು. ಓಣಿಯವರು ಅಲ್ಲಿಂದ ಇಣುಕಿ, ಇಲ್ಲಿಂದ ಇಣುಕಿ, "ಏನು, ನೀರೊಲೆ ಕೆಟ್ಟೈತಾ?" ಎಂದು ಅಮಾಯಕರಂತೆ ಕೇಳುತ್ತಿದ್ದರು. ಅವ್ವ ಒಳಗೆ ರೊಟ್ಟಿ ಬಡಿಯುವ ಸದ್ದು ದಿನದಿನಕ್ಕೂ ಜೋರಾಗುತ್ತಿತ್ತು. ಊಟಕ್ಕೆ ನಾನು ಯಾವ ಒಲೆಯ ಮುಂದೆ ಕೂರಬೇಕು? ಅವ್ವನ ಹತ್ತಿರ ಕೂತರೆ ಹಿತ್ತಲು ಚುಚ್ಚುತ್ತಿತ್ತು, ಹಿತ್ತಲಿಗೆ ಹೋದರೆ ಅವ್ವನ ಕಣ್ಣು ಬೆನ್ನಿಗೆ ಚುಚ್ಚುತ್ತಿತ್ತು. ಎರಡು ದಿನ ಚಿತ್ರದುರ್ಗದಲ್ಲೇ ಹೋಟೆಲಿನ ಮಂಡಕ್ಕಿ ತಿಂದುಕೊಂಡು ಬಂದೆ.

ಗುರುವಾರ ಬಸ್ಸಿನಲ್ಲಿ, ನಿಂತುಕೊಂಡೇ, ಒಂದು ಸಾಲು ಸೇರಿಸಿದೆ. ಫೋನಿನ ಅಗಲವಿದ್ದಾಗ ಎರಡನೆಯ ಮುಖ ಮೊದಲು ಕಾಣಲಿ. ಅಷ್ಟೇ. ಮೂಲ ಬರಹ ಮುಟ್ಟಬೇಕಿಲ್ಲ, ಬಟ್ಟೆಯ ಹಾಳೆಯಲ್ಲಿ ಒಂದು ಸಾಲು ಸಾಕು. ಹಾಕಿದ ಕೂಡಲೇ ದೊಡ್ಡವ್ವ ಮೇಲಕ್ಕೆ ಹೋದಳು, ಅವ್ವ ಕೆಳಕ್ಕೆ ಬಂದಳು. ಹಿರಿಯಳು ಮೇಲೆ ಇರುವುದು ಯಾರ ಕಣ್ಣಿಗೂ ತಪ್ಪಲ್ಲ, ಅವ್ವನನ್ನು ನಾನು ಹೇಗಾದರೂ ಒಪ್ಪಿಸುತ್ತೇನೆ ಎಂದುಕೊಂಡೆ.

ಅವ್ವ ನೋಡಿದಳು. ಫೋನನ್ನು ವಾಪಸು ಕೊಡುತ್ತ, "ಆಯ್ತು ಬಿಡು. ಬಡಿಯೋ ಕೈ ಕೆಳಗೇ ಇರ್ಬೇಕು," ಎಂದಳು. ಬೇರೆ ದಿನವಾಗಿದ್ದರೆ ಆ ಮಾತು ನನ್ನನ್ನು ಕೊಂದುಹಾಕುತ್ತಿತ್ತು. ಅವತ್ತು ನನಗೆ ಹಿತ್ತಲಿನ ಕಲ್ಲು ಏಳುವುದೊಂದೇ ಬೇಕಾಗಿತ್ತು.

ದೊಡ್ಡವ್ವನ ಮುಖ ಸ್ವಲ್ಪ ಸಡಿಲಾಯಿತು. ಶರಣಣ್ಣನ ಕೈಲಿ ಅದರ ಚಿತ್ರ ತೆಗೆಸಿ ಭರಮಸಾಗರಕ್ಕೆ ಕಳಿಸಿದಳು. "ನಾಳೆ ಸಾಯಂಕಾಲ ಕಲ್ಲು ತೆಗೀತೀನಿ, ಶುಕ್ರವಾರ ಐತಲ್ಲ," ಎಂದಳು. ಆ ರಾತ್ರಿ ನಾನು ವಾರದಲ್ಲಿ ಮೊದಲ ಸಲ ನೆಟ್ಟಗೆ ನಿದ್ದೆ ಮಾಡಿದೆ.

ಶುಕ್ರವಾರ ಸಾಯಂಕಾಲ ಮನೆಗೆ ಬಂದಾಗ ಕರೆಂಟು ಹೋಗಿ ಬಹಳ ಹೊತ್ತಾಗಿತ್ತು. ಟವರೂ ಕುಂಟುತ್ತಿತ್ತು. ದೊಡ್ಡವ್ವ ಹಿತ್ತಲಿನ ಒಲೆಯ ಮುಂದೆ ಕೂತು ಬೂದಿ ಎತ್ತುತ್ತಿದ್ದಳು. ನನ್ನನ್ನು ಕಂಡು, "ಬಾರವ್ವ. ಶರಣ, ಇನ್ನೊಂದ್ ಸಾರಿ ತೋರ್ಸು. ನೋಡ್ಕಂಡು ಕಲ್ಲು ಎತ್ತಾಣ," ಎಂದಳು. ಅವಳ ದನಿಯಲ್ಲಿ ಸಡಗರವಿತ್ತು. ಶರಣಣ್ಣ ಪೇಜು ತೆರೆಯಲು ಫೋನನ್ನು ಆಕಾಶಕ್ಕೆ ಎತ್ತಿ ಹಿಡಿದು ಹಿತ್ತಲೆಲ್ಲ ತಿರುಗಿದ. ಒಂದು ಕಡೆ ಸಿಕ್ಕಿತು. ತಂದು ಅವ್ವನ ಕೈಗೆ, ಅಂದರೆ ಅವನ ಅವ್ವನ ಕೈಗೆ, ಕೊಟ್ಟ.

ಬರಹ ಬಂದಿತ್ತು. ಬಟ್ಟೆ ಬಂದಿರಲಿಲ್ಲ.

ನೆಟ್ಟು ಸಾಲದಿದ್ದಾಗ ಹೀಗಾಗುತ್ತದೆ. ಎರಡು ಹಾಳೆಯಲ್ಲಿ ಒಂದು ಮಾತ್ರ ತಲುಪುತ್ತದೆ. ಬಣ್ಣವಿಲ್ಲ, ಅಂಚಿಲ್ಲ, ದುಂಡು ಮುಖವಿಲ್ಲ. ಬಿಳಿಯ ಪುಟದ ಮೇಲೆ ಕಪ್ಪು ಅಕ್ಷರ, ಚೌಕದ ದೊಡ್ಡ ಫೋಟೋಗಳು ಒಂದರ ಕೆಳಗೊಂದು. ಮೊದಲು ತಿಪ್ಪಮ್ಮ. ಬೆರಳಿಂದ ಎಷ್ಟೋ ಮೇಲಕ್ಕೆ ತಳ್ಳಿದ ಮೇಲೆ ಮರುಳಸಿದ್ದಮ್ಮ.

"ಇದೇನಿದು?"

"ನೆಟ್ ಇಲ್ಲ ದೊಡ್ಡವ್ವ. ಸ್ಟೈಲ್ ಲೋಡ್ ಆಗಿಲ್ಲ. ಸ್ವಲ್ಪ ತಡಿ, ಸರಿಹೋಗ್ತೈತೆ."

"ಸ್ಟೈಲ್ ಅಂದ್ರೆ ಮೇಲೆ ಹೊದಿಸೋದು. ಅಲ್ವಾ? ನೀನೇ ಹೇಳ್ತಿದ್ದೆ." ಅವಳು ನನ್ನ ಮುಖ ನೋಡಲಿಲ್ಲ, ಫೋನನ್ನೇ ನೋಡುತ್ತಿದ್ದಳು. "ಅಂದ್ರೆ ಒಳಗೆ ನೀನು ಬರ್ದಿರೋದು ಇದು."

ಸುಳ್ಳು ಹೇಳಬಹುದಿತ್ತು. ಪೇಜು ಕೆಟ್ಟಿದೆ ಎಂದಿದ್ದರೆ ನಂಬುತ್ತಿದ್ದಳು. ಬಾಯಿ ಬರಲಿಲ್ಲ.

"ಹೂಂ," ಎಂದೆ.

"ಸೋಮವಾರದಿಂದ ಮೇಲೆ ಮೇಲೆ ಎಷ್ಟು ಕುಣಿದೆ ನೀನು. ಚಿಕ್ಕದು ಮಾಡ್ದೆ, ದೊಡ್ಡದು ಮಾಡ್ದೆ, ಮೇಲೆ ಹತ್ತಿಸ್ದೆ. ಒಳಗಿಂದು ಮುಟ್ಟಲಿಲ್ಲ."

ಅದು ನಿಜ. ಅಷ್ಟು ದಿನ ಒದ್ದಾಡಿದರೂ ಮೂಲ ಹಾಳೆಯ ಆ ಎರಡು ಸಾಲುಗಳ ಕಡೆ ನನ್ನ ಕೈ ಹೋಗಿರಲಿಲ್ಲ. ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಬರೆದರೆ ಸೋಮವಾರವೇ ಮುಗಿಯುತ್ತಿತ್ತು. ಅಷ್ಟು ಸುಲಭದ ದಾರಿ ನನಗೆ ತಿಳಿಯದ್ದೇನಲ್ಲ. ದಿನಾ ಮಕ್ಕಳಿಗೆ ಹೇಳುವುದೇ ಅದು, ಬರಹ ಸರಿಯಿರಲಿ, ಬಟ್ಟೆ ಆಮೇಲೆ ಎಂದು. ಆದರೂ ಮುಟ್ಟಿರಲಿಲ್ಲ, ಯಾಕೆಂದು ನನ್ನನ್ನು ನಾನು ಕೇಳಿಕೊಂಡಿರಲೂ ಇಲ್ಲ.

"ಯಾಕ್ ಸುಚಿ? ಮೊದ್ಲು ಅವ್ಳು ಯಾಕೆ? ಅವ್ಳು ವ್ಯಾಪಾರ ಶುರು ಮಾಡಿದ್ದಕ್ಕಾ?"

"ಅಲ್ಲ."

"ಮತ್ತೆ?"

"ಅವಳು ನನ್ನ ಅವ್ವ."

ಬಾಯಿಂದ ಬಿದ್ದ ಮೇಲೆ ನನಗೇ ಆ ಮಾತು ಹೊಸದಾಗಿ ಕೇಳಿಸಿತು. ಶರಣಣ್ಣ ಬೈಕಿನ ಕೀಲಿ ತಿರುಗಿಸುವುದನ್ನು ನಿಲ್ಲಿಸಿದ. ದೊಡ್ಡವ್ವ ಫೋನನ್ನು ಮಡಿಲಲ್ಲಿ ಇಟ್ಟುಕೊಂಡು ಬೂದಿ ಕೆದಕಿದಳು. ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ.

"ಇದು ಸತ್ಯ," ಎಂದಳು. "ಇದನ್ನ ಸೋಮವಾರನೇ ಹೇಳಿದ್ರೆ ನಾನು ಕಲ್ಲು ಹೂಡ್ತಿರ್ಲಿಲ್ಲ. ಮಗಳು ಅವ್ವನ್ನ ಮೊದ್ಲು ಬರ್ದ್ರೆ ಅದ್ರಾಗೆ ತಪ್ಪೇನೈತೆ? ಫೋನಿನ ಅಗಲ ಕಮ್ಮಿ ಅಂದೆ ನೋಡು, ಅದಕ್ಕೆ ಹೊಟ್ಟೆ ಉರೀತು ನಂಗೆ."

"ಈಗ್ಲೇ ಬದಲಾಯಿಸ್ತೀನಿ. ಒಳಗೇ ಬದಲಾಯಿಸ್ತೀನಿ. ನಿನ್ನ ಎದುರಿಗೇ." ನಾನು ಬ್ಯಾಗಿನಿಂದ ಲ್ಯಾಪ್‌ಟಾಪ್ ಎಳೆಯತೊಡಗಿದೆ. ಜಿಪ್ಪು ಸಿಕ್ಕಿಕೊಂಡಿತು.

"ಬ್ಯಾಡ. ಈಗ ಬದಲಾಯ್ಸಿದ್ರೆ ನಾನು ಕೇಳಿ ಇಸ್ಕಂಡಂಗೆ ಆಗ್ತೈತೆ. ಒಳಗೆ ಹೆಂಗೈತೋ ಹಂಗೇ ಇರ್ಲಿ. ಮೇಲೆ ಹೆಂಗಾರ ಹೊದಿಸ್ಕ."

ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಹಿತ್ತಲ ಬಾಗಿಲಲ್ಲಿ ಅವ್ವ ನಿಂತಿದ್ದಳು. ಎಷ್ಟು ಹೊತ್ತಿನಿಂದ ಇದ್ದಳೋ, ಎಷ್ಟು ಕೇಳಿಸಿಕೊಂಡಳೋ. ಕೈಯಲ್ಲಿ ಕುದಿನೀರು ಹಾಕಿ ನಾದಿದ ಜೋಳದ ಹಿಟ್ಟಿನ ಪರಾತವಿತ್ತು. ನನ್ನ ಕಡೆ ತಿರುಗಿಯೂ ನೋಡದೆ ನೇರ ಬಂದು ಆ ಮೂರು ಕಲ್ಲಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು.

"ಹಿಟ್ಟು ಆರ್ತೈತೆ ಅಕ್ಕ. ಹಂಚು ಇಡು."

"ಒಳಗೆ ಒಲೆ ಇಲ್ಲೇನೆ?"

"ಆರ್ಸಿ ಬಂದೆ."

ದೊಡ್ಡವ್ವ ಅವಳನ್ನು ಒಂದು ಸಲ ನೋಡಿ, ಬೂದಿಯನ್ನು ಪಕ್ಕಕ್ಕೆ ತಳ್ಳಿ, ಎರಡು ಸೌದೆ ಒಟ್ಟಿ ಹಂಚು ಇಟ್ಟಳು. ಅವ್ವ ಬಡಿದಳು, ದೊಡ್ಡವ್ವ ಬೇಯಿಸಿದಳು. ಬಡಿಯುವ ಸದ್ದು ವಾರದಲ್ಲಿ ಮೊದಲ ಸಲ ಮೆತ್ತಗಿತ್ತು. ಗೋಡೆಯಾಚೆಯಿಂದ ಇಣುಕಿದ ಪಕ್ಕದ ಮನೆಯವಳು ಇಬ್ಬರನ್ನೂ ಒಂದೇ ಕಡೆ ಕಂಡು, ಬಂದಷ್ಟೇ ಬೇಗ ತಲೆ ಒಳಗೆ ಎಳೆದುಕೊಂಡಳು. ನಾನು ಮೆಟ್ಟಿಲ ಮೇಲೆ ಕೂತೆ. ಒಲೆ ಒಂದಾಗಿತ್ತು. ನನ್ನ ಎದೆಯ ಮೇಲಿನ ಕಲ್ಲು ಇಳಿಯಬೇಕಾಗಿತ್ತು.

ನನಗೆ ಬುದ್ಧಿ ಬಂದಾಗಿನಿಂದ ದೊಡ್ಡವ್ವ ಹಂಚಿನಿಂದ ಇಳಿಸಿದ ಮೊದಲ ರೊಟ್ಟಿ ನನ್ನದು. ಶರಣಣ್ಣ ಎಷ್ಟು ಗುರುಗುಟ್ಟಿದರೂ, ಅವಳು ಅದಕ್ಕೆ ಕಿವಿಗೊಡದೆ ನನ್ನ ಅಂಗೈಗೆ ಹಾಕುತ್ತಿದ್ದಳು. ಬಿಸಿ ತಾಳದೆ ನಾನು ಈ ಕೈಯಿಂದ ಆ ಕೈಗೆ ಎಸೆದಾಡುವುದನ್ನು ನೋಡಿ ನಗುತ್ತಿದ್ದಳು. ಮೊದಲ ರೊಟ್ಟಿ ಉಬ್ಬಿ ಬಂದಾಗ ನನ್ನ ಕೈ ತಾನಾಗಿ ಮುಂದಕ್ಕೆ ಹೋಯಿತು.

ದೊಡ್ಡವ್ವ ಅದನ್ನು ಮಗನ ಕೈಗೆ ಹಾಕಿದಳು.

"ಮೊದ್ಲು ಅವ್ನಿಗೆ," ಎಂದಳು. ಸಿಟ್ಟಿನ ದನಿಯಲ್ಲ, ಕೊಂಕೂ ಇರಲಿಲ್ಲ. "ನನ್ ಮಗ ಅಲ್ವಾ."

ಶರಣಣ್ಣ ರೊಟ್ಟಿ ಹಿಡಿದುಕೊಂಡು, ತಿನ್ನಬೇಕೋ ಬೇಡವೋ ತಿಳಿಯದೆ ನನ್ನ ಮುಖ ನೋಡಿದ. ಅವ್ವ ತಲೆ ತಗ್ಗಿಸಿ ಮುಂದಿನ ಉಂಡೆ ತೆಗೆದುಕೊಂಡಳು. ಎರಡನೆಯ ರೊಟ್ಟಿ ನನಗೆ ಬಂತು, ಮೇಲೆ ಒಂದಿಷ್ಟು ಶೇಂಗಾಪುಡಿಯನ್ನೂ ಹಾಕಿ ಕೊಟ್ಟಳು. ಮೊದಲಿನದರಷ್ಟೇ ಬಿಸಿಯಾಗಿತ್ತು. ನಾನು ಅದನ್ನು ಈ ಕೈಯಿಂದ ಆ ಕೈಗೆ ಎಸೆದಾಡಲಿಲ್ಲ, ಅಂಗೈಯಲ್ಲೇ ಹಿಡಿದು ಕೂತೆ.